ಆಯಿಲ್ ದೀಪ ಮಿನುಗಿತೆಂದು ಎಂಜಿನ್ ಬಿಚ್ಚಬೇಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಅಪ್ಪಯ್ಯ 1970ರಲ್ಲಿ ಕೊಂಡ ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೂ ಮನೆಯಲ್ಲಿದೆ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತಿತ್ತು. ಆಯುಧಪೂಜೆಗೆ ತೊಳೆದು, ಆಯಿಲ್ ಬದಲಾಯಿಸಿ, ಓಡಿಸಲು ಶುರು ಮಾಡಿದೆ. ಮೊನ್ನೆ ಸೋಮೇಶ್ವರದಿಂದ ಘಾಟಿ ಹತ್ತಿ ಆಗುಂಬೆಯಲ್ಲಿ ನಿಲ್ಲಿಸಿದಾಗ ಸ್ಲೋನಲ್ಲಿ (ಆಕ್ಸಿಲರೇಟರ್ ತುಳಿಯದೆ ಎಂಜಿನ್ ಓಡುವಾಗ) ಮೀಟರಿನ ಬಳಿಯ ಆಯಿಲ್ ಪ್ರೆಷರ್ ದೀಪ ಮಿನುಗತೊಡಗಿತು. ರೈಸ್ ಮಾಡಿದರೆ ಆರುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಏನೂ ಇಲ್ಲ. ಆಯಿಲ್ ಕಮ್ಮಿಯಾಗಿಲ್ಲ, ಮಟ್ಟ ನೋಡುವ ಕಡ್ಡಿಯಲ್ಲಿ ಹಿಂದಿಗಿಂತ ತುಸು ಮೇಲೆಯೇ ಕಾಣುತ್ತದೆ. ಎಂಜಿನ್ ಇಳಿಸಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಗ್ರೈಂಡಿಂಗ್ ಮಾಡಿಸಬೇಕು, ಬೇರಿಂಗು, ಆಯಿಲ್ ಪಂಪು ಎಲ್ಲಾ ಹೊಸದು ಹಾಕಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಮಾಡಿಸಲೇ?

ಉತ್ತರ: ಈಗಲೇ ಬೇಡ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ತಪ್ಪೆಂದು ನಾನು ಅನ್ನುವುದಿಲ್ಲ. ಐವತ್ತು ವರ್ಷ ದಾಟಿದ ಎಂಜಿನ್‌ನಲ್ಲಿ ಬೇರಿಂಗ್ ಸವೆದಿರಬಹುದು. ಆದರೆ ಅವರು ಗೇಜ್ ಹಾಕಿ ಪ್ರೆಷರ್ ನೋಡಿದರು ಎಂದು ನೀವು ಎಲ್ಲೂ ಬರೆದಿಲ್ಲ. ಅಳೆಯದೆ ಬಿಚ್ಚಿದ ಎಂಜಿನ್‌ನಲ್ಲಿ ನಿಜವಾದ ತೊಂದರೆ ಯಾವುದಿತ್ತು ಅನ್ನುವುದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಎಲ್ಲವನ್ನೂ ಬದಲಾಯಿಸಿದ ಮೇಲೂ ದೀಪ ಮತ್ತೆ ಮಿನುಗಿದರೆ ಹಿಡಿಯಲು ಒಂದು ಎಳೆಯೂ ಉಳಿದಿರುವುದಿಲ್ಲ.

ನಿಮ್ಮ ಪತ್ರ ಓದುತ್ತಾ ನಾನು ನಿಂತಿದ್ದು "ಕಡ್ಡಿಯಲ್ಲಿ ಹಿಂದಿಗಿಂತ ತುಸು ಮೇಲೆಯೇ ಕಾಣುತ್ತದೆ" ಎಂಬ ಮಾತಿನ ಹತ್ತಿರ. ಎಂಜಿನ್ ಆಯಿಲ್ ಸುಡುತ್ತದೆ, ಎಲ್ಲೆಲ್ಲೋ ಜಿನುಗಿಸುತ್ತದೆ, ತಾನಾಗಿ ಹುಟ್ಟಿಸುವುದಿಲ್ಲ. ಮಟ್ಟ ಏರಿದೆಯೆಂದರೆ ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಬೇರೆ ಏನೋ ಇಳಿಯುತ್ತಿದೆ. ಅದು ಒಂದೋ ನೀರು, ಇಲ್ಲವೇ ಪೆಟ್ರೋಲು. ನೀರಾದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ರೇಡಿಯೇಟರ್‌ನಲ್ಲಿ ನೀರು ಕಮ್ಮಿಯಾಗುತ್ತಾ ಹೋಗುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಚೂರು ಹಳದಿ ನೊರೆ ಕಂಡು, ಕಡ್ಡಿಯಲ್ಲಿ ಆಯಿಲ್ ಶುದ್ಧವಾಗಿದ್ದರೆ ಹೆದರಬೇಡಿ. ನಮ್ಮ ಕಡೆಯ ಮಳೆಗಾಲದಲ್ಲಿ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಪೇಟೆಗೆ ಹೋಗಿ ಬಂದು ನಿಲ್ಲಿಸುವ ಗಾಡಿಗಳಲ್ಲೆಲ್ಲ ಅದು ಇರುತ್ತದೆ. ಒಳಗಿನ ತೇವ ಹನಿಗಟ್ಟಿ ಆಯಿಲ್ ಜೊತೆ ನೊರೆಯಾಗಿದ್ದು ಅಷ್ಟೆ, ಹೆಡ್ ಪ್ಯಾಕಿಂಗ್ (ನೀರು, ಆಯಿಲ್ ಬೆರೆಯದಂತೆ ತಡೆಯುವ ಗ್ಯಾಸ್ಕೆಟ್) ಹೋಗಿದೆ ಎಂದು ಅರ್ಥವಲ್ಲ.

ನನ್ನ ಸಂಶಯ ಪೆಟ್ರೋಲಿನ ಮೇಲೆ. ಹೆರಾಲ್ಡ್‌ನಲ್ಲಿ ಪೆಟ್ರೋಲ್ ಎಳೆಯುವುದು ಎಂಜಿನ್ ಬ್ಲಾಕಿನ ಪಕ್ಕಕ್ಕೆ ಕೂರಿಸಿರುವ ಎಸಿ ಪಂಪ್ (ಏರ್ ಕಂಡೀಷನರ್ ಅಲ್ಲ, ಪೆಟ್ರೋಲ್ ಪಂಪಿಗೆ ಗ್ಯಾರೇಜಿನಲ್ಲಿ ಕರೆಯುವ ಹೆಸರು). ಒಳಗೆ ಒಂದು ಡಯಾಫ್ರಂ (ತೆಳು ಮೆತ್ತನೆಯ ಪರದೆ), ಅದನ್ನು ಜಗ್ಗುವ ಲಿವರ್. ಲಿವರಿನ ಇನ್ನೊಂದು ತುದಿ ಬ್ಲಾಕಿನ ಒಳಗೆ ಕ್ಯಾಮ್ ಶಾಫ್ಟಿನ ಮೇಲೆ ಆಡುತ್ತದೆ. ಡಯಾಫ್ರಂ ಬಿರುಕು ಬಿಟ್ಟರೆ ಪೆಟ್ರೋಲ್ ಆ ಲಿವರಿನ ದಾರಿಯಲ್ಲೇ ಚೇಂಬರಿಗೆ ಇಳಿಯುತ್ತದೆ. ಬಿರುಕು ಚಿಕ್ಕದಿದ್ದಾಗ ಗಾಡಿ ಓಡುವುದರಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ಕಾರ್ಬ್ಯುರೇಟರಿಗೆ ಬೇಕಾದಷ್ಟು ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಹಾಗಾಗಿಯೇ ಇದು ಗೊತ್ತಾಗದೆ ನಡೆಯುತ್ತದೆ. ಟ್ಯಾಂಕ್ ಇರುವುದು ಹಿಂದೆ ಡಿಕ್ಕಿಯಲ್ಲಿ. ನಮ್ಮ ಮನೆಗಳ ಅಂಗಳ, ದಾರಿ ಎಲ್ಲವೂ ಇಳಿಜಾರು. ಮೂತಿ ಕೆಳಗಾಗಿ ನಿಲ್ಲಿಸಿದ ಗಾಡಿಯಲ್ಲಿ ರಾತ್ರಿಯಿಡೀ ಹನಿ ಹನಿಯಾಗಿ ಇಳಿದರೂ ಸಾಕು.

ಇನ್ನೊಂದು ಕಾರಣ ಈಚಿನದು. 2023ರಿಂದ ನಮ್ಮ ಬಂಕುಗಳಿಗೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬರತೊಡಗಿತು. ಹಳೇ ಕಾಲದ ಡಯಾಫ್ರಂ, ರಬ್ಬರ್ ಪೈಪುಗಳನ್ನು ಇದಕ್ಕೆಂದು ಮಾಡಿರಲಿಲ್ಲ. ಕೆಲವು ಊದಿಕೊಳ್ಳುತ್ತವೆ, ಕೆಲವು ಗಡುಸಾಗಿ ಸೀಳುತ್ತವೆ. ನಾಲ್ಕು ತಿಂಗಳು ಎಥನಾಲ್ ಪೆಟ್ರೋಲ್ ತುಂಬಿಕೊಂಡು ಅಲ್ಲಾಡದೆ ನಿಂತ ಪಂಪಿನಲ್ಲಿ ಇದು ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

ನೋಡುವುದು ಸುಲಭ. ಕಡ್ಡಿ ತೆಗೆದು ಮೂಸಿ. ಬೆರಳ ತುದಿಗೆ ಹಚ್ಚಿ ಉಜ್ಜಿ, ನೀರಿನಂತೆ ಜಾರುತ್ತದೆಯೋ ಜಿಗುಟು ಉಳಿದಿದೆಯೋ ನೋಡಿ. ಒಂದು ಹನಿಯನ್ನು ವೃತ್ತಪತ್ರಿಕೆಯ ಅಂಚಿಗೆ ಬಿಡಿ, ಪಕ್ಕದಲ್ಲೇ ಡಬ್ಬಿಯ ಹೊಸ ಆಯಿಲಿನ ಹನಿಯೊಂದನ್ನೂ ಬಿಡಿ. ಪೆಟ್ರೋಲ್ ಬೆರೆತದ್ದು ಬೇಗ ಹರಡಿ, ಸುತ್ತ ತೆಳ್ಳನೆಯ ಅಗಲ ಉಂಗುರ ಬಿಡುತ್ತದೆ. ಆಮೇಲೆ ಪಂಪಿನ ಎರಡು ಬೋಲ್ಟ್ ಬಿಚ್ಚಿ ಹೊರಗೆ ತೆಗೆದು, ಲಿವರ್ ಇರುವ ಕಡೆ ಒದ್ದೆಯಿದೆಯೇ, ಪೆಟ್ರೋಲ್ ವಾಸನೆಯಿದೆಯೇ ನೋಡಿ. ಇದ್ದರೆ ಬೇರೆ ಪರೀಕ್ಷೆ ಬೇಕಿಲ್ಲ. ಈ ಕೆಲಸ ಬಯಲಿನಲ್ಲಿ ಮಾಡಿ, ಬೀಡಿ, ಒಲೆ, ಹೊಗೆಗೂಡು ಯಾವುದೂ ಹತ್ತಿರ ಇರಬಾರದು. ಪೆಟ್ರೋಲ್ ಇಳಿದ ಚೇಂಬರ್ ಎಂದರೆ ಒಳಗೆ ಹೊತ್ತಿಕೊಳ್ಳುವ ಆವಿ ತುಂಬಿದೆ ಎಂದೇ ಲೆಕ್ಕ. ಅಷ್ಟು ಖಚಿತವಾಗುವವರೆಗೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ.

ಎಷ್ಟು ಪೆಟ್ರೋಲ್ ಸೇರಿದರೆ ದೀಪ ಮಿನುಗುತ್ತದೆ ಎಂದು ಕೇಳಬಹುದು. ಈ ಎಂಜಿನ್ ಹಿಡಿಯುವುದು ಸುಮಾರು 4 ಲೀಟರ್ ಆಯಿಲ್. ಅದರಲ್ಲಿ ನೂರಕ್ಕೆ ಐದು ಪಾಲು ಎಂದರೆ 200 ಮಿಲಿ, ಒಂದು ದೊಡ್ಡ ಲೋಟ. ಕಡ್ಡಿಯಲ್ಲಿ ಅದು "ತುಸು ಮೇಲೆ" ಎಂದಷ್ಟೇ ಕಾಣುತ್ತದೆ, ಆದರೆ ಬಿಸಿಯಾದಾಗ ಆಯಿಲ್ ತೆಳುವಾಗಿಸಲು ಅಷ್ಟು ಧಾರಾಳ ಸಾಕು. ಮಾಮೂಲಿ 20ಡಬ್ಲ್ಯು-50 (ಮಂದ ದರ್ಜೆಯ) ಆಯಿಲ್ ಕೂಡ 40 ಡಿಗ್ರಿಯಲ್ಲಿದ್ದ ಮಂದವನ್ನು 100 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಸಿಕೊಂಡಿರುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲಿ, ಎಂಜಿನ್ ಜೋರಾಗಿ ತಿರುಗುತ್ತಾ ಗಾಡಿ ಮಾತ್ರ ನಿಧಾನಕ್ಕೆ ಹತ್ತುವಾಗ ಚೇಂಬರಿಗೆ ತಾಗುವ ಗಾಳಿ ಬಹಳ ಕಮ್ಮಿ. ನಿಮ್ಮ ಆಯಿಲ್ ಅವತ್ತು ವರ್ಷದಲ್ಲೇ ಅತಿ ಬಿಸಿಯಾಗಿತ್ತು. ಮೇಲೆ ನಿಲ್ಲಿಸಿದಿರಿ, ಸ್ಲೋಗೆ ಬಂತು, ದೀಪ ಮಿನುಗಿತು. ಘಾಟಿಯಲ್ಲಿ ತಿರುವು ತೆಗೆದುಕೊಳ್ಳುವಾಗ ದೀಪ ಹೊತ್ತಿದ್ದರೆ ನಾನು ಬೇರೆಯೇ ಯೋಚನೆ ಮಾಡುತ್ತಿದ್ದೆ: ಚೇಂಬರಿನಲ್ಲಿ ಆಯಿಲ್ ಒಂದು ಮೂಲೆಗೆ ಸರಿದು ಆಯಿಲ್ ಪಂಪಿನ ಬಾಯಿ ಗಾಳಿ ಕುಡಿಯಿತು ಅನ್ನುತ್ತಿದ್ದೆ. ನಿಂತ ಮೇಲೆ ಹೊತ್ತಿದ್ದರಿಂದ ಆ ಕಾರಣ ಬಿಟ್ಟುಹೋಯಿತು.

ಪ್ರೆಷರ್ ಎಂದರೇನು ಅನ್ನುವುದನ್ನು ಇಲ್ಲಿ ಒಮ್ಮೆ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನಿಮ್ಮ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಪಂಪನ್ನು ನೆನೆಸಿಕೊಳ್ಳಿ. ಪಂಪು ಬೋರ್ಡೋ ದ್ರಾವಣವನ್ನು ತಳ್ಳುತ್ತದೆ ಅಷ್ಟೆ. ಗೇಜಿನಲ್ಲಿ ಮುಳ್ಳು ಏಳುವುದು ಪೈಪಿನ ತುದಿಯಲ್ಲಿ ನಾಜಲ್ ಸಣ್ಣದಾಗಿ ತಡೆ ಒಡ್ಡುವುದರಿಂದ. ನಾಜಲ್ ಕಣ್ಣು ಸವೆದು ದೊಡ್ಡದಾಯಿತು ಅನ್ನಿ, ಪಂಪು ಅಷ್ಟೇ ತಳ್ಳುತ್ತಿದ್ದರೂ ಮುಳ್ಳು ಇಳಿಯುತ್ತದೆ, ಔಷಧಿ ಮರದ ತುದಿಗೆ ಮುಟ್ಟುವುದಿಲ್ಲ. ಬೈಪಾಸ್ ಸರಿಯಾಗಿ ಮುಚ್ಚದಿದ್ದರೂ ಹಾಗೇ, ದ್ರಾವಣ ಡ್ರಮ್ಮಿಗೇ ವಾಪಸ್ಸು. ಫುಟ್ ವಾಲ್ವಿನ ಜಾಲರಿಗೆ ಕಸ ಕಟ್ಟಿದರೂ ಹಾಗೇ. ಹೆರಾಲ್ಡ್ ಎಂಜಿನ್‌ನಲ್ಲಿ ನಾಜಲ್ಲುಗಳ ಜಾಗದಲ್ಲಿರುವುದು ಬೇರಿಂಗುಗಳು: ಕ್ರ್ಯಾಂಕ್ ಕೂರುವ ಮೂರು ಮೇನ್ ಬೇರಿಂಗ್, ಪಿಸ್ಟನ್ ರಾಡುಗಳು ಕ್ರ್ಯಾಂಕಿಗೆ ಸೇರುವ ನಾಲ್ಕು ಬಿಗ್ ಎಂಡ್, ಜೊತೆಗೆ ಕ್ಯಾಮ್ ಶಾಫ್ಟ್ ಕೂರುವ ಜಾಗಗಳು, ಮೇಲೆ ರಾಕರ್ ಶಾಫ್ಟ್. ಬೈಪಾಸಿನ ಜಾಗದಲ್ಲಿರುವುದು ರಿಲೀಫ್ ವಾಲ್ವ್. ಜಾಲರಿ ಚೇಂಬರಿನೊಳಗಿನ ಸ್ಟ್ರೈನರ್. ಮುಳ್ಳು ಇಳಿದಾಗ ಕೇಳಬೇಕಾದ ಪ್ರಶ್ನೆ ಒಂದೇ, ಎಣ್ಣೆ ಎಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುತ್ತಿದೆ? ಪಂಪಿನ ಸರದಿ ಅದಾದ ಮೇಲೆ.

ಬೇರಿಂಗಿನ ಸಂದು ಸ್ವಲ್ಪ ಹೆಚ್ಚಾದರೂ ಯಾಕೆ ಅಷ್ಟು ಪ್ರೆಷರ್ ಬೀಳುತ್ತದೆ ಎಂದರೆ, ಸಂದಿನಲ್ಲಿ ಹರಿಯುವ ಎಣ್ಣೆ ಸಂದಿನ ಘನಕ್ಕೆ ತಕ್ಕಂತೆ ಏರುತ್ತದೆ. 0.05 ಮಿಮೀ ಇದ್ದ ಸಂದು 0.10 ಆದರೆ ಎರಡು ಪಟ್ಟಲ್ಲ, ಎಂಟು ಪಟ್ಟು ಎಣ್ಣೆ ಸೋರಿಹೋಗುತ್ತದೆ. ಒಂದೇ ಒಂದು ಬಿಗ್ ಎಂಡ್ ಕೆಟ್ಟರೂ ಇಡೀ ಎಂಜಿನ್ನಿನ ಮುಳ್ಳು ಇಳಿಯುವುದು ಇದರಿಂದ.

ದೀಪದ ಬಗ್ಗೆ ಒಂದು ಮಾತು. ಅದು ಗೇಜ್ ಅಲ್ಲ. ಬ್ಲಾಕಿಗೆ ತಿರುಪಿರುವ ಆಯಿಲ್ ಸ್ವಿಚ್ಚಿನೊಳಗೆ ಚಿಕ್ಕ ಡಯಾಫ್ರಂ, ಸ್ಪ್ರಿಂಗ್ ಇವೆ, ಪ್ರೆಷರ್ ಸುಮಾರು 5 ಪಿಎಸ್‌ಐಗಿಂತ (ಪಿಎಸ್‌ಐ ಎಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಕೆಳಗಿಳಿದರೆ ಅರ್ತ್ ಕೊಟ್ಟು ದೀಪ ಹೊತ್ತಿಸುತ್ತದೆ. 6 ಇದ್ದರೂ ದೀಪ ಆರಿರುತ್ತದೆ, 60 ಇದ್ದರೂ ಆರಿರುತ್ತದೆ. ಅಷ್ಟೇ ಅಲ್ಲ, ಸ್ವಿಚ್ಚೂ ಮುದಿಯಾಗುತ್ತದೆ. ವೈರ್ ಎಲ್ಲೋ ಚಾಸಿಗೆ ಉಜ್ಜಿ ಅರ್ತ್ ಆದರೂ ದೀಪ ಹೊತ್ತುತ್ತದೆ. ಎಂಜಿನ್ ಓಡುತ್ತಾ ದೀಪ ಮಿನುಗುವಾಗ ಸ್ವಿಚ್ಚಿನ ವೈರ್ ಕಿತ್ತು ಗಾಳಿಯಲ್ಲಿ ಹಿಡಿಯಿರಿ. ದೀಪ ಆರದಿದ್ದರೆ ತೊಂದರೆ ವೈರಿನದು, ಎಂಜಿನ್ನಿನದಲ್ಲ. ಇಲಿಗಳು ಮಳೆಗಾಲದಲ್ಲಿ ಕೊಟ್ಟಿಗೆಯ ಗಾಡಿಯೊಳಗೆ ಬೆಚ್ಚಗೆ ಗೂಡು ಮಾಡುತ್ತವೆ, ವೈರಿನ ಮೇಲ್ಪದರ ಕಡಿದಿರುತ್ತವೆ. ಅದನ್ನೂ ಕಣ್ಣಾರೆ ನೋಡಿಬಿಡಿ.

ಈಗ ಅಳೆಯುವ ಕೆಲಸ. ಶಿವಮೊಗ್ಗಕ್ಕೆ ಬಂದಾಗ 0ಯಿಂದ 100 ಪಿಎಸ್‌ಐ ತೋರಿಸುವ ಮೆಕ್ಯಾನಿಕಲ್ ಗೇಜ್ ಒಂದು ತೆಗೆದುಕೊಳ್ಳಿ. ಸಿಂಪಡಣೆ ಪಂಪಿನ ಗೇಜ್ ಸಾಲದು. ಅದು ನೂರಾರು ಪಿಎಸ್‌ಐ ಅಳೆಯುವಂಥದ್ದು, ನಮಗೆ ಬೇಕಾದ 10, 15, 20ರ ವ್ಯತ್ಯಾಸ ಅದರಲ್ಲಿ ಮುಳ್ಳಿನ ದಪ್ಪದೊಳಗೇ ಮುಚ್ಚಿಹೋಗುತ್ತದೆ. ಸ್ವಿಚ್ ಬಿಚ್ಚಿ ಅದನ್ನೇ ಕೈಯಲ್ಲಿ ಹಿಡಿದು ಲೇತ್‌ನವರ ಹತ್ತಿರ ಹೋಗಿ, ಅದೇ ಥ್ರೆಡ್ಡಿನ ಅಡಾಪ್ಟರ್ ಮಾಡಿಸಿಕೊಳ್ಳಿ. ಕಣ್ಣಂದಾಜಿನಲ್ಲಿ ಹತ್ತಿರದ ಥ್ರೆಡ್ ತುರುಕಿದರೆ ಬ್ಲಾಕಿನ ಥ್ರೆಡ್ ಕೆಡುತ್ತದೆ, ಅದು ಸರಿಮಾಡಲು ಕಷ್ಟದ ಜಾಗ. ಗೇಜಿಗೆ ಹೆಣಿಗೆಯ ರಬ್ಬರ್ ಪೈಪ್ ಇರಲಿ. ತಾಮ್ರದ ಸಣ್ಣ ಪೈಪ್ ಎಂಜಿನ್ ಅದುರಿಗೆ ಒಂದು ದಿನ ಸೀಳಿ, ಬಿಸಿ ಆಯಿಲ್ ಚಿಮ್ಮುತ್ತದೆ. ಪೈಪ್ ಉದ್ದವಿದ್ದರೆ ಗೇಜನ್ನು ಒಳಗೆ ತಂದು ಓಡಿಸುತ್ತಾ ನೋಡಬಹುದು.

ಗೇಜ್ ಹಾಕುವ ಮೊದಲು ಎಸಿ ಪಂಪಿನ ಡಯಾಫ್ರಂ ಬದಲಾಯಿಸಿ, ಹಾಳಾದ ಆಯಿಲ್ ಪೂರ್ತಿ ಇಳಿಸಿ, ಹೊಸ ಫಿಲ್ಟರ್, ಹೊಸ 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿರಬೇಕು. ಇಲ್ಲದಿದ್ದರೆ ನೀವು ಅಳೆಯುವುದು ಪೆಟ್ರೋಲ್ ಬೆರೆತ ಆಯಿಲನ್ನು. ಆಯುಧಪೂಜೆಗೆ ಯಾವ ಆಯಿಲ್ ಹಾಕಿದಿರಿ ಎಂದು ಬರೆದಿಲ್ಲ. ಹೊಸ ಕಾರುಗಳಿಗೆ ಬರುವ 5ಡಬ್ಲ್ಯು-30 ತರಹದ ತೆಳು ಆಯಿಲನ್ನು "ಒಳ್ಳೇ ದುಬಾರಿ ಆಯಿಲ್" ಎಂದು ಯಾರಾದರೂ ಹಾಕಿಕೊಟ್ಟಿದ್ದರೆ ಅದೊಂದೇ ಕಾರಣಕ್ಕೂ ದೀಪ ಮಿನುಗಬಹುದು. ಈ ಎಂಜಿನ್ ಹುಟ್ಟಿದ್ದು 1953ರಲ್ಲಿ, ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಎಯ್ಟ್ ಗಾಡಿಗೆ 803 ಸಿಸಿಯಾಗಿ. ಮದ್ರಾಸಿನಲ್ಲಿ 1961ರಿಂದ ತಯಾರಾದ ಹೆರಾಲ್ಡಿಗೆ ಅದೇ ಮನೆತನದ 948 ಸಿಸಿ ಎಂಜಿನ್ ಬಂತು. ಅದರ ಸಂದುಗಳನ್ನು ಲೆಕ್ಕ ಹಾಕಿದ್ದೇ ಮಂದ ಆಯಿಲಿಗೆ.

ಮೂರು ಸಲ ಅಳೆಯಿರಿ. ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದ ಕೂಡಲೇ ಒಮ್ಮೆ, ಮುಳ್ಳು ಏಳಲು ಎಷ್ಟು ಸೆಕೆಂಡ್ ಬೇಕಾಯಿತು ಎನ್ನುವುದನ್ನೂ ಬರೆದುಕೊಳ್ಳಿ. ಆಮೇಲೆ ಕಡಿಮೆಯೆಂದರೆ ಇಪ್ಪತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ನಿಜವಾಗಿ ಬಿಸಿಯಾದ ಮೇಲೆ 2000 ಆರ್‌ಪಿಎಂನಲ್ಲಿ ಒಮ್ಮೆ, ಸ್ಲೋನಲ್ಲಿ ಒಮ್ಮೆ. ಹೆರಾಲ್ಡಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಟಾಪ್ ಗೇರಿನಲ್ಲಿ ಗಂಟೆಗೆ 40–45 ಕಿಮೀ ಹೋಗುತ್ತಿದ್ದರೆ ಎಂಜಿನ್ ಅಂದಾಜು 2000 ತಿರುಗುತ್ತಿದೆ ಎಂದು ಇಟ್ಟುಕೊಳ್ಳಿ. ರೇಡಿಯೇಟರ್ ಬಿಸಿಯಾದ ಮಾತ್ರಕ್ಕೆ ಆಯಿಲ್ ಬಿಸಿಯಾಗಿದೆ ಎಂದುಕೊಳ್ಳಬೇಡಿ, ಆಯಿಲ್ ಬಹಳ ನಿಧಾನವಾಗಿ ಕಾಯುತ್ತದೆ. ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿಸಿ ಓಡಿಸಿ ಅಳೆದದ್ದು ಲೆಕ್ಕಕ್ಕಿಲ್ಲ.

ಬಿಸಿಯಲ್ಲಿ 2000ಕ್ಕೆ 40ರಿಂದ 60 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 2.8ರಿಂದ 4.2 ಕೆಜಿ ಬಂದರೆ ಈ ಎಂಜಿನ್ ಆರೋಗ್ಯವಾಗಿದೆ. ಸ್ಲೋನಲ್ಲಿ 15 ಇದ್ದರೆ ನೆಮ್ಮದಿ. 10ಕ್ಕೆ ಬಂದು, 2000ದಲ್ಲಿ 40 ಉಳಿಸಿಕೊಂಡರೆ ನಾನು ಆ ಎಂಜಿನ್ ಮುಟ್ಟುವುದಿಲ್ಲ, ಸ್ಲೋ ಸ್ಕ್ರೂವನ್ನು ಸ್ವಲ್ಪ ಏರಿಸಿ ಓಡಿಸಿ ಅನ್ನುತ್ತೇನೆ. ಬಹಳ ಗಾಡಿಗಳಲ್ಲಿ ಪೆಟ್ರೋಲ್ ಉಳಿಯಲಿ ಎಂದು ಸ್ಲೋ ತೀರಾ ಇಳಿಸಿಟ್ಟಿರುತ್ತಾರೆ, 500ಕ್ಕೆ ಬಂದ ಎಂಜಿನ್‌ನಲ್ಲಿ ದೀಪ ಮಿನುಗಿದರೆ ಅದು ಎಂಜಿನ್ನಿನ ತಪ್ಪಲ್ಲ. 750–800 ಇರಲಿ.

ಅಂಕಿಗಳು ಇದಕ್ಕಿಂತ ಕೆಳಗಿದ್ದರೆ ಅವು ಹೇಗೆ ಕೆಳಗಿವೆ ಎನ್ನುವುದರಲ್ಲಿ ಉತ್ತರವಿದೆ. ತಣ್ಣಗಿದ್ದಾಗಲೂ 25ರ ಮೇಲೆ ಏಳುತ್ತಿಲ್ಲ, ಎಷ್ಟು ರೈಸ್ ಮಾಡಿದರೂ ಅಲ್ಲೇ ನಿಲ್ಲುತ್ತದೆ ಎಂದರೆ ರಿಲೀಫ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ತಣ್ಣಗೆ 60, ಬಿಸಿಯಾದ ಮೇಲೆ 2000ದಲ್ಲೂ 25, ಸ್ಲೋನಲ್ಲಿ 5 ಎಂದರೆ ಬೇರಿಂಗುಗಳತ್ತ ನೋಡಬೇಕು. ಸ್ಟಾರ್ಟ್ ಮಾಡಿ ಐದಾರು ಸೆಕೆಂಡ್ ಮುಳ್ಳು ಏಳುವುದೇ ಇಲ್ಲ, ಕೆಳಗಿನಿಂದ ಕಟಕಟ ಸದ್ದು, ಆಮೇಲೆ ಎಲ್ಲಾ ಸರಿ ಎಂದರೆ ನಿಂತಾಗ ಫಿಲ್ಟರಿನ ಎಣ್ಣೆ ವಾಪಸ್ಸು ಚೇಂಬರಿಗೆ ಇಳಿಯುತ್ತಿದೆ, ಇಲ್ಲವೇ ಪಂಪು ಸವೆದು ಎಳೆಯಲು ತಡ ಮಾಡುತ್ತಿದೆ. ಮುಳ್ಳು ಒಂದೆಡೆ ನಿಲ್ಲದೆ ನಡುಗುತ್ತಿದ್ದರೆ, ಅಥವಾ ರೈಸ್ ಮಾಡಿದಷ್ಟೂ ಇಳಿಯುತ್ತಿದ್ದರೆ, ಪಂಪಿನ ಬಾಯಿಗೆ ಸಾಕಷ್ಟು ಎಣ್ಣೆ ಸಿಗುತ್ತಿಲ್ಲ: ಸ್ಟ್ರೈನರ್ ಕಟ್ಟಿದೆ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ.

ಈ ಕೊನೆಯದನ್ನು ಸಾಗರದ ಕಡೆಯಿಂದ ಬಂದ ಒಂದು ಗಾಡಿಯಲ್ಲಿ ನೋಡಿದ್ದೇನೆ. ಕ್ರ್ಯಾಂಕ್ ಗ್ರೈಂಡಿಂಗ್ ಆಗಿ ಎಂಟೇ ತಿಂಗಳಾಗಿತ್ತು. ಚೇಂಬರ್ ಇಳಿಸಿ ನೋಡಿದರೆ ಪ್ಯಾಕಿಂಗಿಗೆ ಬಳಿದ ಸಿಲಿಕಾನ್ ಪೇಸ್ಟ್ ಒಳಗಂಚಿಗೆ ಉಕ್ಕಿ, ಒಣಗಿ, ಶಾವಿಗೆಯ ಹಾಗೆ ಕಳಚಿ ಬಿದ್ದು ಸ್ಟ್ರೈನರಿನ ಮುಕ್ಕಾಲು ಪಾಲು ಮುಚ್ಚಿತ್ತು. ಬೇರಿಂಗುಗಳು ಹೊಸದರಂತೇ ಇದ್ದವು. ಪೇಸ್ಟ್ ಬಳಿಯಲೇಬೇಕೆಂದಿದ್ದರೆ ತೆಳ್ಳಗೆ, ಬೇಕಾದಲ್ಲಿ ಮಾತ್ರ. ಒಳಗೆ ಎಷ್ಟು ಉಕ್ಕಿದೆ ಎನ್ನುವುದು ಹೊರಗೆ ಕಾಣುವುದಿಲ್ಲ.

ರಿಲೀಫ್ ವಾಲ್ವ್ ನೋಡಲು ಎಂಜಿನ್ ಇಳಿಸಬೇಕಾಗಿಲ್ಲ. ಹೆರಾಲ್ಡಿನ ಬಾನೆಟ್ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದಾದ ಇಂಥ ಗಾಡಿಗಳು ಅಪರೂಪ. ಡಿಸ್ಟ್ರಿಬ್ಯೂಟರ್, ಆಯಿಲ್ ಫಿಲ್ಟರ್ ಇರುವ ಬದಿಯಲ್ಲೇ ಬ್ಲಾಕಿನಲ್ಲಿ ಒಂದು ದೊಡ್ಡ ಷಟ್ಕೋನದ ತಲೆ ಕಾಣುತ್ತದೆ. ಅದನ್ನು ಬಿಚ್ಚಿದರೆ ಸ್ಪ್ರಿಂಗ್, ಅದರ ಹಿಂದೆ ಪ್ಲಂಜರ್. ಪ್ಲಂಜರ್ ತಾನಾಗಿ ಜಾರಬೇಕು, ಅದರ ಕೂರುವ ಮುಖದಲ್ಲಿ ಗೀರು, ಗುಂಡಿ ಇರಬಾರದು. ಎಷ್ಟೋ ಸಲ ಕಣ್ಣಿಗೆ ಕಾಣುವಷ್ಟೇ ಒಂದು ಕಸ ಸೀಟಿನಲ್ಲಿ ಸಿಕ್ಕಿ ವಾಲ್ವ್ ತೆರೆದೇ ಇರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಸವರಿ, ಹೊಸ ತಾಮ್ರದ ವಾಷರ್ ಹಾಕಿ ಕೂರಿಸಿದರೆ ಒಂದು ಗಂಟೆಯ ಕೆಲಸ.

ಸ್ಪ್ರಿಂಗನ್ನು ಎಳೆದು ಉದ್ದ ಮಾಡುವುದು, ಅದರ ಹಿಂದೆ ವಾಷರ್ ತುರುಕುವುದು ಮಾತ್ರ ಬೇಡ. ಕೆಲಸ ಕಲಿಯುವ ಕಾಲದಲ್ಲಿ ಇದನ್ನು ನಾನೂ ಮಾಡಿದ್ದೇನೆ. ಗೇಜಿನಲ್ಲಿ ತಣ್ಣಗೆ 75 ಬಂತು, ಗಾಡಿಯವರಿಗೆ ಸಂತೋಷವಾಯಿತು. ಬಿಸಿ ಸ್ಲೋನಲ್ಲಿ ಒಂದೇ ಒಂದು ಪಿಎಸ್‌ಐ ಏರಿರಲಿಲ್ಲ. ಏರುವುದೂ ಇಲ್ಲ, ಯಾಕೆಂದರೆ ಅಷ್ಟು ಕಡಿಮೆ ಪ್ರೆಷರಿನಲ್ಲಿ ವಾಲ್ವ್ ಹೇಗೂ ಮುಚ್ಚಿಯೇ ಇರುತ್ತದೆ. ಸವೆದಿದ್ದ ಬಿಗ್ ಎಂಡ್ ಒಳಗೆ ಹಾಗೇ ಉಳಿಯಿತು. ಬೇಸಿಗೆಯಲ್ಲಿ ಅದೇ ಗಾಡಿ ಹುಲಿಕಲ್ ಘಾಟಿಯಲ್ಲಿ ರಾಡ್ ಬಡಿಯುತ್ತಾ ನಿಂತಿತು. ವಾಲ್ವ್ ಸೆಟ್ ಮಾಡುವುದು ಮೇಲಿನ ಮಿತಿಯನ್ನು ಮಾತ್ರ, ಕೆಳಗಿನದನ್ನು ಎತ್ತುವ ಶಕ್ತಿ ಅದಕ್ಕಿಲ್ಲ ಎನ್ನುವುದನ್ನು ನಾನು ಕಲಿತದ್ದು ಬೇರೆಯವರ ಎಂಜಿನ್ ಕೆಡಿಸಿ. ಅದು ಇವತ್ತಿಗೂ ನನಗೆ ನೋವಿನ ವಿಷಯ.

ಅಂಕಿಗಳು ಬೇರಿಂಗಿನ ಕಡೆಗೇ ಬೆರಳು ಮಾಡಿದರೆ? ಆಗಲೂ ಮೊದಲು ಚೇಂಬರ್ ಮಾತ್ರ ಇಳಿಸಿ. ಹೆರಾಲ್ಡಿನಲ್ಲಿ ಎಂಜಿನ್ ಗಾಡಿಯಲ್ಲೇ ಇರುವಾಗ ಇದು ಸಾಧ್ಯ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ, ಕಲ್ಲು ಪೇರಿಸಿಯೂ ಬೇಡ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಚೇಂಬರಿನ ಮುಂಭಾಗದ ಸ್ಕ್ರೂಗಳು ಅಲ್ಯುಮಿನಿಯಂ ತುಂಡೊಂದಕ್ಕೆ ಕೂರುತ್ತವೆ, ಜೋರು ಮಾಡಿದರೆ ಅದರ ಥ್ರೆಡ್ ಕಿತ್ತು ಬರುತ್ತದೆ. ಅಲ್ಲಿಂದಲೇ ಆಯಿಲ್ ಜಿನುಗುವ ಹೆರಾಲ್ಡುಗಳು ಬಹಳ.

ಚೇಂಬರ್ ಇಳಿಸಿದ ಕೂಡಲೇ ತಳದ ಕೆಸರನ್ನು ಬೆರಳಲ್ಲಿ ತಡಕಿ ನೋಡಿ. ಹೊಳೆಯುವ ಪುಡಿ ಇದ್ದರೆ ಬೇರಿಂಗ್ ಹೋಗಿದೆ. ಅರ್ಧಚಂದ್ರದ ಆಕಾರದ ತೆಳು ತಗಡು ಸಿಕ್ಕರೆ ಅದು ಥ್ರಸ್ಟ್ ವಾಷರ್, ಅದಕ್ಕಿಂತ ಕೆಟ್ಟ ಸುದ್ದಿ. ಹಿಂದಿನ ಮೇನ್ ಬೇರಿಂಗಿನ ಎರಡು ಕಡೆ ಕೂತು ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವುದು ಅದರ ಕೆಲಸ. ಸವೆದು ತೆಳುವಾಗಿ ಕೆಳಗೆ ಉದುರಿದರೆ ಕ್ರ್ಯಾಂಕ್ ನೇರ ಬ್ಲಾಕಿಗೇ ಉಜ್ಜಿ ಬ್ಲಾಕನ್ನೇ ತಿನ್ನುತ್ತದೆ. ಈ ಮನೆತನದ ಎಂಜಿನ್ನುಗಳಿಗೆ ಹುಟ್ಟಿನಿಂದ ಬಂದ ದೌರ್ಬಲ್ಯವಿದು. ಏನೂ ಬಿಚ್ಚದೆ ಇವತ್ತೇ ನೋಡಬಹುದು: ಎಂಜಿನ್ ಆಫ್ ಇರಲಿ, ಮನೆಯವರೊಬ್ಬರು ಕ್ಲಚ್ ತುಳಿದು ಬಿಡಲಿ, ನೀವು ಮುಂದೆ ಕ್ರ್ಯಾಂಕ್ ಪುಲ್ಲಿ ನೋಡುತ್ತಾ ನಿಲ್ಲಿ. ಇರಬೇಕಾದ ಆಟ 0.1ರಿಂದ 0.2 ಮಿಮೀ, ಬರಿಗಣ್ಣಿಗೆ ತಿಳಿಯುವುದೇ ಕಷ್ಟ. ಪುಲ್ಲಿ ಹಿಂದೆ ಮುಂದೆ ಸರಿಯುವುದು ಸ್ಪಷ್ಟವಾಗಿ ಕಂಡರೆ ಗಾಡಿ ಓಡಿಸಬೇಡಿ. ಘಾಟಿ ರಸ್ತೆಯಲ್ಲಿ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುವ ಅಭ್ಯಾಸ ಇದ್ದವರು ಈ ವಾಷರನ್ನು ಬೇಗ ಸವೆಸುತ್ತಾರೆ. ಹೊಸದು ಹಾಕುವಾಗ ಎಣ್ಣೆ ಗೆರೆಗಳಿರುವ ಮುಖ ಕ್ರ್ಯಾಂಕಿನ ಕಡೆಗಿರಬೇಕು. ತಿರುಗಿಸಿ ಹಾಕಿದ್ದನ್ನೂ ನಾನು ಕಂಡಿದ್ದೇನೆ.

ಬಿಗ್ ಎಂಡ್ ಕ್ಯಾಪುಗಳನ್ನು ಒಂದೊಂದಾಗಿ, ಗುರುತು ಮಾಡಿಕೊಂಡು ಬಿಚ್ಚಿ. ಅನೇಕ ಬೇರಿಂಗುಗಳಲ್ಲಿ ಮೇಲೆ ಬೂದು ಪದರ, ಅದರ ಕೆಳಗೆ ತಾಮ್ರದ ಬಣ್ಣ. ಬೂದು ಮಾತ್ರ ಕಂಡರೆ ಇನ್ನೂ ಬಾಳಿಕೆ ಇದೆ, ತಾಮ್ರ ಇಣುಕಿದ್ದರೆ ಬದಲಾಯಿಸಿ. ಬೇರಿಂಗಿನ ಬೆನ್ನಿನ ಮೇಲೆ 010, 020 ಎಂದು ಅಚ್ಚಿದ್ದರೆ ಕ್ರ್ಯಾಂಕ್ ಹಿಂದೆಯೇ ಹತ್ತು ಥೌ, ಇಪ್ಪತ್ತು ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಗ್ರೈಂಡ್ ಆಗಿದೆ ಎಂದರ್ಥ. ಕ್ರ್ಯಾಂಕಿನಲ್ಲಿ ಬೇರಿಂಗ್ ಸುತ್ತುವ ಭಾಗವಾದ ಜರ್ನಲ್ಲನ್ನು ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿನಲ್ಲಿ ಅಳೆಸಿ. ದುಂಡಗಿದ್ದು ಗೀರಿಲ್ಲದಿದ್ದರೆ ಅದೇ ಸೈಜಿನ ಹೊಸ ಬೇರಿಂಗ್ ಕೆಳಗಿನಿಂದಲೇ ಹಾಕಿ ಮುಗಿಸಬಹುದು, ಗ್ರೈಂಡಿಂಗ್ ಬೇಡ. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ಎಂಜಿನ್ ಇಳಿಸಲೇಬೇಕು.

ಆಯಿಲ್ ಪಂಪು ಎಣ್ಣೆಯಲ್ಲೇ ಮುಳುಗಿ ಬಾಳುವುದರಿಂದ ಬಹಳ ಕಾಲ ಬರುತ್ತದೆ. ಆದರೂ ಚೇಂಬರ್ ಇಳಿದಾಗ ಬಿಚ್ಚಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಒಳ ರೋಟರ್–ಹೊರ ರೋಟರ್ ನಡುವೆ 0.25 ಮಿಮೀ, ಹೊರ ರೋಟರ್–ಬಾಡಿ ನಡುವೆ 0.20, ರೋಟರಿಗೂ ಮುಚ್ಚಳಕ್ಕೂ ನಡುವೆ 0.10, ಇವು ಮಿತಿಗಳು. ಹೆಚ್ಚಾಗಿ ಸವೆಯುವುದು ಮುಚ್ಚಳ. ದಪ್ಪ ಗಾಜಿನ ಮೇಲೆ ಸಣ್ಣ ಎಮರಿ ಹಾಳೆ ಇಟ್ಟು, ಎಣ್ಣೆ ಹಾಕಿ, ಎಂಟರ ಆಕಾರದಲ್ಲಿ ಉಜ್ಜಿದರೆ ಗೆರೆಗಳು ಹೋಗಿ ಮುಚ್ಚಳ ಮತ್ತೆ ಚಪ್ಪಟೆಯಾಗುತ್ತದೆ. ಹೊಸ ಪಂಪು ಹುಡುಕುವ ಮೊದಲು ಇದನ್ನು ಮಾಡಿ.

ಪಂಪು, ಫಿಲ್ಟರ್, ಚೇಂಬರ್ ಯಾವುದನ್ನೇ ಬಿಚ್ಚಿ ಕೂರಿಸಿದ ಮೇಲೂ ನೇರ ಸ್ಟಾರ್ಟ್ ಮಾಡಬೇಡಿ. ಪಂಪಿನೊಳಗೆ ಮೊದಲೇ ಎಣ್ಣೆ ತುಂಬಿಸಿ. ನಾಲ್ಕೂ ಪ್ಲಗ್ ತೆಗೆದು, ಕಾಯಿಲ್ ವೈರ್ ಕಳಚಿ, ಗೇಜ್ ಸಿಕ್ಕಿಸಿದ ಹಾಗೇ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು, ಸೆಲ್ಫ್ ಮೋಟರ್ ಆರಲು ಬಿಟ್ಟು, ಮತ್ತೆ ಹೊಡೆಯಿರಿ. ಮುಳ್ಳು ಎದ್ದು ನಿಂತ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಸದ್ಯಕ್ಕೆ ನೀವು ಮಾಡಬೇಕಾದ್ದು ಕಡ್ಡಿ ಮೂಸುವುದು, ಪುಲ್ಲಿ ನೋಡುವುದು, ಎಸಿ ಪಂಪ್ ಬಿಚ್ಚುವುದು. ಡಯಾಫ್ರಂ ಮತ್ತು ಆಯಿಲ್ ಬದಲಾದ ಮೇಲಿನ ಮೂರು ಅಂಕಿಗಳನ್ನು, ಯಾವ ಆಯಿಲ್ ಹಾಕಿದಿರಿ ಎನ್ನುವುದನ್ನು ಬರೆದು ಕಳಿಸಿ. ಚೇಂಬರ್ ಇಳಿಸಬೇಕೋ ಬೇಡವೋ ಆಮೇಲೆ ಹೇಳುತ್ತೇನೆ.